ಸೇನೆ ಇದ್ದೂ ಶಾಂತಿ ಏಕಿಲ್ಲ?

ಓದುಗರ ಪ್ರಶ್ನೆ: ಮಣಿಪುರದಲ್ಲಿ 2023ರ ಮೇ ತಿಂಗಳಿಂದ ಸೇನೆ, ಅಸ್ಸಾಂ ರೈಫಲ್ಸ್ ಎಲ್ಲವೂ ಇದ್ದರೂ ಹಿಂಸೆ ತಿಂಗಳುಗಟ್ಟಲೆ ನಡೆಯಿತು. ಗಡಿಯಲ್ಲಿ ಶತ್ರುವನ್ನು ತಡೆಯುವ ಸೇನೆಗೆ ನಮ್ಮದೇ ನೆಲದ ಗುಂಪುಗಳನ್ನು ತಡೆಯಲು ಆಗುವುದಿಲ್ಲವೇ? ಸೇನೆ ತಾನಾಗಿಯೇ ಬೀದಿಗಿಳಿಯಬಹುದೇ ಅಥವಾ ಯಾರಾದರೂ ಕರೆಯಲೇಬೇಕೇ? ಬಂಡುಕೋರರ ಜೊತೆ ಮಾತುಕತೆ ನಡೆಯುವಾಗ ಸೇನಾಧಿಕಾರಿಗಳಿಗೂ ಅಲ್ಲಿ ಕುರ್ಚಿ ಇರಬೇಕಲ್ಲವೇ?

ಉತ್ತರ: ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದಕ್ಕೆ ಕಾನೂನಿನಲ್ಲೇ ನೇರ ಉತ್ತರವಿದೆ, ಮಿಕ್ಕೆರಡಕ್ಕೂ ಅದೇ ಬುನಾದಿ.

ಕಾನೂನು ಸುವ್ಯವಸ್ಥೆ ರಾಜ್ಯದ ವಿಷಯ ಎಂದು ಎಲ್ಲರೂ ಹೇಳುತ್ತಾರೆ. ಆದರೆ ರಾಜ್ಯ ಪಟ್ಟಿಯ ಆ ಮೊದಲನೇ ನಮೂದಿನಲ್ಲೇ ಸೇನೆಯ ಬಳಕೆಯನ್ನು ಹೊರಗಿಟ್ಟಿದ್ದಾರೆ. 1976ರ 42ನೇ ತಿದ್ದುಪಡಿಯು ಕೇಂದ್ರ ಪಟ್ಟಿಗೆ 2ಎ ನಮೂದನ್ನು ಸೇರಿಸಿ, ನಾಗರಿಕ ಆಡಳಿತದ ನೆರವಿಗೆ ಯಾವುದೇ ರಾಜ್ಯಕ್ಕೆ ಸೇನೆ ಕಳಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ನೆರವು ಎಂದರೆ ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಸುಪ್ರೀಂ ಕೋರ್ಟ್ 1997ರ ನವೆಂಬರ್‌ನಲ್ಲಿ, ನಾಗಾ ಮಾನವ ಹಕ್ಕುಗಳ ಸಂಘಟನೆಯೊಂದು ಹೂಡಿದ್ದ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ನೆರವು ಪಡೆಯುವ ಆಡಳಿತ ಬದುಕಿರಬೇಕು, ಕೆಲಸ ಮಾಡುತ್ತಿರಬೇಕು. ಸೇನೆ ಅದರ ಜಾಗದಲ್ಲಿ ಕೂರುವಂತಿಲ್ಲ.

ಬೀದಿಯಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ರಿಂದ 151ನೇ ಕಲಂಗಳು ಇದಕ್ಕೆಂದೇ ಇವೆ. ಹಳೆಯ ಸಿಆರ್‌ಪಿಸಿಯಲ್ಲಿ ಅವು 129ರಿಂದ 132 ಆಗಿದ್ದವು. ಮೊದಲು ಪೊಲೀಸರು ಗುಂಪನ್ನು ಚದುರಿಸಬೇಕು. ಅವರಿಂದ ಆಗದಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಅವರು ಅಧಿಕಾರ ಕೊಟ್ಟು ಕಳಿಸಿದ, ಸ್ಥಳದಲ್ಲಿರುವ ಮ್ಯಾಜಿಸ್ಟ್ರೇಟ್ ಸೇನಾಧಿಕಾರಿಗೆ ಹೇಳಬೇಕು. ಅಲ್ಲಿಂದ ಮುಂದೆ ಯಾವ ರೀತಿ ಚದುರಿಸುವುದು ಎಂಬುದು ಸೇನಾಧಿಕಾರಿಯ ತೀರ್ಮಾನ, ಆದರೆ ಸಾಧ್ಯವಾದಷ್ಟು ಕಡಿಮೆ ಬಲ, ಸಾಧ್ಯವಾದಷ್ಟು ಕಡಿಮೆ ಹಾನಿ ಎಂಬ ಷರತ್ತು ಅದೇ ಕಲಂನಲ್ಲಿದೆ. ಮ್ಯಾಜಿಸ್ಟ್ರೇಟ್ ಸಂಪರ್ಕಕ್ಕೇ ಸಿಗದೆ, ಸಾರ್ವಜನಿಕರ ಸುರಕ್ಷತೆಗೆ ಕಣ್ಣೆದುರೇ ಅಪಾಯವಿದ್ದರೆ ಮಾತ್ರ ಅಧಿಕಾರಿ ತಾನೇ ಮುಂದಾಗಬಹುದು. ಮ್ಯಾಜಿಸ್ಟ್ರೇಟ್ ಸಿಕ್ಕ ಕೂಡಲೇ ಅವರನ್ನು ಕೇಳಬೇಕು.

ಇದಕ್ಕೊಂದು ಹಳೆಯ ಕವಾಯತು ಇದೆ. ತುಕಡಿಯ ಜೊತೆ ಮ್ಯಾಜಿಸ್ಟ್ರೇಟ್ ಇರುತ್ತಾರೆ, ಬ್ಯೂಗಲ್ ಊದುವವನಿರುತ್ತಾನೆ. 'ಚದುರಿ, ಇಲ್ಲದಿದ್ದರೆ ಗುಂಡು ಹಾರಿಸುತ್ತೇವೆ' ಎಂದು ಸ್ಥಳೀಯ ಭಾಷೆಯಲ್ಲಿ ಬರೆದ ಬ್ಯಾನರ್ ಬಿಚ್ಚುತ್ತಾರೆ. ಆಮೇಲೂ ಜನ ಕದಲದಿದ್ದರೆ ಆದೇಶದ ಮೇಲೆ, ಎಣಿಸಿ, ಗುರಿಯಿಟ್ಟು, ಕೆಳಮಟ್ಟಕ್ಕೆ ಹೊಡೆಯುತ್ತಾರೆ. ಗಾಳಿಯಲ್ಲಿ ಗುಂಡು ಹಾರಿಸುವುದು ಈ ಕವಾಯತಿನಲ್ಲಿ ನಿಷಿದ್ಧ. ಹೆದರಿಸಲು ಹಾರಿಸಿದ ಗುಂಡು ಎಲ್ಲೋ ಬಾಲ್ಕನಿಯಲ್ಲಿ ನಿಂತವರಿಗೆ ತಗಲುತ್ತದೆ, ಮೇಲಾಗಿ ಸೇನೆ ಬರೀ ಸದ್ದು ಮಾಡುತ್ತದೆ ಎಂದು ಗುಂಪಿಗೆ ಗೊತ್ತಾಗಿಬಿಡುತ್ತದೆ. ಗುಂಡು ನಿಂತ ಮೇಲೆ ಖಾಲಿ ತೋಟಾಗಳನ್ನು ಹೆಕ್ಕಿ ಲೆಕ್ಕ ಒಪ್ಪಿಸಬೇಕು, ಗಾಯಾಳುಗಳಿಗೆ ಚಿಕಿತ್ಸೆ ಕೊಡಿಸಬೇಕು.

ಎರಡು ಮೂರು ದಿನದ ಗಲಭೆಗೆ ಇದು ಸಾಕಾಗುತ್ತದೆ. ಎಷ್ಟೋ ಸಲ ಬ್ಯಾನರ್ ಬಿಚ್ಚುವ ಪ್ರಮೇಯವೇ ಬರುವುದಿಲ್ಲ, ಪಥಸಂಚಲನ ಮುಗಿಯುವಷ್ಟರಲ್ಲಿ ಬೀದಿ ಖಾಲಿಯಾಗಿರುತ್ತದೆ. ಕಾರಣ ಬಂದೂಕಲ್ಲ, ಬಂದೂಕು ಪೊಲೀಸರ ಬಳಿಯೂ ಇದೆ. ಸೇನೆ ಊರ ಜಗಳದಲ್ಲಿ ಯಾರ ಕಡೆಯೂ ಅಲ್ಲ, ನಾಳೆ ಹೊರಟುಹೋಗುತ್ತದೆ ಎಂಬ ನಂಬಿಕೆ ಅದು. ಆ ನಂಬಿಕೆ ಬಳಸಿದಷ್ಟೂ ಸವೆಯುತ್ತದೆ. ಸೇನೆ ಕೊಡಿಸುವುದು ಹೊತ್ತನ್ನು. ಆ ಹೊತ್ತಿನಲ್ಲಿ ಆಡಳಿತ ಏನು ಮಾಡಿತು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಇನ್ನು ಮಣಿಪುರ. 2023ರ ಮೇ 3ರ ರಾತ್ರಿಯೇ ಸೇನೆ ಮತ್ತು ಅಸ್ಸಾಂ ರೈಫಲ್ಸ್ ಬೀದಿಗಿಳಿದವು. ಕಣಿವೆಯ ಮೈತೇಯಿ, ಬೆಟ್ಟದ ಕುಕಿ ಎಂಬ ಎರಡೂ ಸಮುದಾಯಗಳ ಸಾವಿರಾರು ಜನರನ್ನು ಪಾರು ಮಾಡಿ ಸುರಕ್ಷಿತ ಸ್ಥಳಗಳಿಗೆ ಸಾಗಿಸಿದವು. ಅದು ಕಡಿಮೆ ಕೆಲಸವಲ್ಲ. ಮುಂದೆ ಕೈಕಟ್ಟಿದ್ದು ಏನು? ಎದುರಿಗಿದ್ದದ್ದು ಚದುರಿಸಬಹುದಾದ ಗುಂಪಾಗಿರಲಿಲ್ಲ. ಪೊಲೀಸ್ ಶಸ್ತ್ರಾಗಾರಗಳಿಂದ ಆರು ಸಾವಿರದಷ್ಟು ಆಯುಧಗಳು ಲೂಟಿಯಾಗಿ, ಮೈತೇಯಿ ಕಣಿವೆಯೂ ಕುಕಿ ಬೆಟ್ಟಗಳೂ ಊರೂರಿಗೆ ಕಾವಲು ಪಡೆ ಕಟ್ಟಿಕೊಂಡವು. ಪೊಲೀಸರು, ಅಧಿಕಾರಿಗಳು ಕೂಡ ಜನಾಂಗದ ಗೆರೆಯ ಆಚೆ ಈಚೆ ಹಂಚಿಹೋದರು. ಕಣಿವೆಯಲ್ಲಿ ಕುಕಿ ನೌಕರ ಉಳಿಯಲಿಲ್ಲ, ಬೆಟ್ಟದಲ್ಲಿ ಮೈತೇಯಿ ನೌಕರ ಉಳಿಯಲಿಲ್ಲ. ಸೇನೆಯ ನೆರವು ಪಡೆಯಬೇಕಾದ ನಾಗರಿಕ ಆಡಳಿತವೇ ಎರಡು ಹೋಳಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕಡೆ ಹೊರಗಿನಿಂದ ಬಂದ ಕಾವಲುಗಾರ ಯಾರ ಮಾತು ಕೇಳಬೇಕು?

ಎರಡು ಘಟನೆಗಳು ಸಾಕು. 2023ರ ಜೂನ್ 24ರಂದು ಇಂಫಾಲ ಪೂರ್ವದ ಇಥಾಂ ಗ್ರಾಮದಲ್ಲಿ ಸೇನೆ ಕೆವೈಕೆಎಲ್ ಎಂಬ ನಿಷೇಧಿತ ಮೈತೇಯಿ ಸಂಘಟನೆಯ 12 ಜನರನ್ನು ಹಿಡಿಯಿತು. ಮಹಿಳೆಯರು ಮುಂದೆ ನಿಂತ ಸಾವಿರಕ್ಕೂ ಮಿಕ್ಕ ಜನ ಸುತ್ತುವರಿದರು. ಗುಂಡು ಹಾರಿಸಿದರೆ ಸಾಯುವವರು ಯಾರೆಂದು ತುಕಡಿಯ ಅಧಿಕಾರಿಗೆ ಕಾಣುತ್ತಿತ್ತು. ದಿನವಿಡೀ ನಡೆದ ಬಿಕ್ಕಟ್ಟಿನ ಕೊನೆಗೆ ಆ 12 ಜನರನ್ನು ಊರವರಿಗೇ ಒಪ್ಪಿಸಿ, ವಶಪಡಿಸಿಕೊಂಡ ಆಯುಧಗಳೊಂದಿಗೆ ಸೇನೆ ಹಿಂದೆ ಸರಿಯಿತು. ಕೆಲವರು ಇದನ್ನು ಹೇಡಿತನ ಎಂದರು. ನನ್ನ ಎಣಿಕೆಯಲ್ಲಿ ಆ ವರ್ಷ ಮಣಿಪುರದಲ್ಲಿ ಸಮವಸ್ತ್ರ ತೊಟ್ಟವರು ತೆಗೆದುಕೊಂಡ ಅತ್ಯಂತ ವಿವೇಕದ ನಿರ್ಧಾರಗಳಲ್ಲಿ ಅದೊಂದು. ಎರಡನೆಯದು ಅದೇ ಆಗಸ್ಟ್‌ನದು: ಕರ್ತವ್ಯಕ್ಕೆ ಅಡ್ಡಿಪಡಿಸಿದರೆಂದು ಮಣಿಪುರ ಪೊಲೀಸರು ಅಸ್ಸಾಂ ರೈಫಲ್ಸ್ ಸಿಬ್ಬಂದಿಯ ಮೇಲೆಯೇ ಎಫ್‌ಐಆರ್ ಹಾಕಿದರು. ಅಲ್ಲಿಗೆ, ಯಾರ ಕಡೆಯೂ ಅಲ್ಲದ ಪಡೆ ಎಂಬ ನಂಬಿಕೆ ಕಣಿವೆಯಲ್ಲಿ ಉಳಿದಿರಲಿಲ್ಲ. ಅಸ್ಸಾಂ ರೈಫಲ್ಸ್‌ನ ಆಡಳಿತ ಗೃಹ ಸಚಿವಾಲಯದ್ದು, ಕಾರ್ಯಾಚರಣೆಯ ಹಿಡಿತ ಸೇನೆಯದ್ದು ಎಂಬ ಇಬ್ಬಂದಿ ಬೇರೆ.

'ಆಫ್‌ಸ್ಪಾ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ' ಎಂಬ ಮಾತನ್ನು ನೀವೂ ಕೇಳಿರಬಹುದು. ಕಣಿವೆಯ 19 ಠಾಣಾ ವ್ಯಾಪ್ತಿಗಳಿಂದ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯನ್ನು ಗಲಭೆಗೆ ಮುಂಚೆಯೇ ತೆಗೆದಿದ್ದರು ಎಂಬುದು ನಿಜ. ಈ ಕಾಯ್ದೆಯ ಬೇರು 1942ರ ಕ್ವಿಟ್ ಇಂಡಿಯಾ ಚಳವಳಿಯನ್ನು ಅಡಗಿಸಲು ಬ್ರಿಟಿಷರು ತಂದ ಸುಗ್ರೀವಾಜ್ಞೆಯಲ್ಲಿದೆ. 1958ರಲ್ಲಿ ನಾಗಾ ಬೆಟ್ಟಗಳಿಗೆಂದು ನಮ್ಮ ಸಂಸತ್ತು ಅದನ್ನು ಮತ್ತೆ ತಂದಿತು. ಮೇಲೆ ಹೇಳಿದ ವ್ಯವಸ್ಥೆಯಿಂದ ಇದು ತೆಗೆದುಹಾಕುವುದು ಮ್ಯಾಜಿಸ್ಟ್ರೇಟನ್ನು. ಪ್ರಕ್ಷುಬ್ಧ ಪ್ರದೇಶವೆಂದು ಘೋಷಿಸಿದ ಮೇಲೆ ಗುಂಡು ಹಾರಿಸಲು, ವಾರಂಟ್ ಇಲ್ಲದೆ ಬಂಧಿಸಲು, ಮನೆ ಶೋಧಿಸಲು ಸೇನೆಯವರೇ ತೀರ್ಮಾನಿಸಬಹುದು. ಆರನೇ ಕಲಂ ಪ್ರಕಾರ ಅವರ ಮೇಲೆ ಮೊಕದ್ದಮೆ ಹೂಡಲು ಕೇಂದ್ರದ ಪೂರ್ವಾನುಮತಿ ಬೇಕು. 1997ರ ತೀರ್ಪು ಕಾಯ್ದೆಯನ್ನು ಎತ್ತಿಹಿಡಿಯಿತು, ಆದರೆ ಘೋಷಣೆಯನ್ನು ಆರು ತಿಂಗಳಿಗೊಮ್ಮೆ ಮರುಪರಿಶೀಲಿಸಿ ಎಂದಿತು. ನ್ಯಾಯಮೂರ್ತಿ ಜೀವನ್ ರೆಡ್ಡಿ ಸಮಿತಿ 2005ರಲ್ಲಿ ಕಾಯ್ದೆಯನ್ನೇ ರದ್ದು ಮಾಡಲು ಶಿಫಾರಸು ಮಾಡಿತು. ಅದು ಕಪಾಟು ಸೇರಿತು.

ಇದರ ಬೆಲೆ ಎಷ್ಟೆಂದು ಓಟಿಂಗ್ ಗ್ರಾಮದ ಘಟನೆ ತೋರಿಸಿತು. 2021ರ ಡಿಸೆಂಬರ್ 4, ಶನಿವಾರ ಸಂಜೆ. ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ತಿರು ಎಂಬಲ್ಲಿ ಕಲ್ಲಿದ್ದಲು ಗಣಿ ಕೆಲಸ ಮುಗಿಸಿ ಪಿಕಪ್ ವಾಹನದಲ್ಲಿ ಊರಿಗೆ ಹೊರಟಿದ್ದವರನ್ನು ಉಗ್ರರೆಂದು ತಿಳಿದು ಸೇನೆಯ ಕಮಾಂಡೊಗಳು ಗುಂಡಿಟ್ಟರು. ಆರು ಜನ ಸತ್ತರು. ಹುಡುಕಿಕೊಂಡು ಬಂದ ಊರವರಿಗೆ ಶವಗಳು ಸೇನೆಯ ವಾಹನದಲ್ಲಿ ಸಿಕ್ಕವು. ಅಲ್ಲಿ ನಡೆದ ಘರ್ಷಣೆಯಲ್ಲಿ ಇನ್ನೂ ಏಳು ನಾಗರಿಕರು, ಒಬ್ಬ ಯೋಧ ಸತ್ತರು. ಮರುದಿನ ಮೋನ್ ಪಟ್ಟಣದಲ್ಲಿ ಮತ್ತೊಬ್ಬರು. ರಾಜ್ಯದ ವಿಶೇಷ ತನಿಖಾ ತಂಡ 30 ಸೇನಾ ಸಿಬ್ಬಂದಿಯ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಕೇಂದ್ರ ಅನುಮತಿ ಕೊಡಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕಾರಣಕ್ಕೇ ಮೊಕದ್ದಮೆಗೆ ತೆರೆ ಎಳೆಯಿತು. ನೆನಪಿಡಬೇಕಾದ ವಿಷಯವೆಂದರೆ, ನಾಗಾ ಬಂಡುಕೋರ ಸಂಘಟನೆಯಾದ ಎನ್‌ಎಸ್‌ಸಿಎನ್‌ನ ಐಸಾಕ್–ಮುಯಿವಾ ಬಣದೊಂದಿಗೆ 1997ರ ಆಗಸ್ಟ್ 1ರಿಂದಲೇ ಕದನ ವಿರಾಮವಿದೆ, 2015ರ ಆಗಸ್ಟ್ 3ರಂದು ಚೌಕಟ್ಟು ಒಪ್ಪಂದಕ್ಕೂ ಸಹಿ ಬಿದ್ದಿದೆ. ಒಂದು ಕೈಯಲ್ಲಿ ಮಾತುಕತೆ, ಇನ್ನೊಂದು ಕೈಯಲ್ಲಿ ಯುದ್ಧಕಾಲದ ಕಾಯ್ದೆ. ಗುಂಡು ಹಾರಿಸುವ ಅಧಿಕಾರಕ್ಕಿಂತ ನನಗೆ ಹೆಚ್ಚು ತೊಡಕಾಗಿ ಕಾಣುವುದು ಆ ಆರನೇ ಕಲಂ. ತಪ್ಪಾದಾಗ ವಿಚಾರಣೆ ನಡೆಯುತ್ತದೆ ಎಂಬ ಭರವಸೆ ಇದ್ದರೆ ಜನ ಕಟ್ಟುನಿಟ್ಟನ್ನೂ ಸಹಿಸುತ್ತಾರೆ.

ಈಗ ಮೂರನೆಯ ಪ್ರಶ್ನೆ. ಇಲ್ಲಿ ನಾನು ನಿಮ್ಮೊಂದಿಗೆ ಅರ್ಧ ಒಪ್ಪುತ್ತೇನೆ. ಆಂತರಿಕ ಸಂಘರ್ಷದಲ್ಲಿ ಸೇನೆ ತೀರ್ಪುಗಾರನಲ್ಲ, ಪಕ್ಷಗಾರ. ಅದಕ್ಕೂ ಸತ್ತವರಿದ್ದಾರೆ, ಅದರ ಮೇಲೂ ಆರೋಪಗಳಿವೆ. ಆದ್ದರಿಂದಲೇ ಅದನ್ನು ಹೊರಗಿಟ್ಟು ಮಾಡಿದ ಒಪ್ಪಂದ ಕುಂಟುತ್ತದೆ, ಅದರ ಕೈಗೇ ಕೊಟ್ಟ ಮಾತುಕತೆಯೂ ಕುಂಟುತ್ತದೆ.

ಕೊಲಂಬಿಯಾ ಎರಡನ್ನೂ ಮಾಡಿ ನೋಡಿದ ದೇಶ. ಅಧ್ಯಕ್ಷ ಪಾಸ್ತ್ರಾನಾ 1998ರಲ್ಲಿ ಫಾರ್ಕ್ ಬಂಡುಕೋರರಿಗೆಂದು ಸುಮಾರು 42,000 ಚದರ ಕಿಲೋಮೀಟರ್ ಪ್ರದೇಶದಿಂದ ಸೇನೆಯನ್ನು ಹಿಂದಕ್ಕೆ ಕರೆಸಿಕೊಂಡರು. ಸೇನೆ ಒಳಗೇ ಕುದಿಯಿತು. 1999ರ ಮೇನಲ್ಲಿ ರಕ್ಷಣಾ ಸಚಿವ ರಾಜೀನಾಮೆ ಕೊಟ್ಟಾಗ ಹಲವು ಜನರಲ್‌ಗಳೂ ಅವರ ಹಿಂದೆ ಹೊರಡಲು ಸಿದ್ಧರಾದರು. 2002ರಲ್ಲಿ ಮಾತುಕತೆ ಮುರಿದುಬಿತ್ತು. ಹತ್ತು ವರ್ಷದ ನಂತರ ಅಧ್ಯಕ್ಷ ಸಾಂತೋಸ್ ಬೇರೆ ದಾರಿ ಹಿಡಿದರು. ಕ್ಯೂಬಾದ ರಾಜಧಾನಿ ಹವಾನಾದಲ್ಲಿ ನಡೆದ ಮಾತುಕತೆಗೆ ನಿವೃತ್ತ ಸೇನಾ ಜನರಲ್ ಹೋರ್ಹೆ ಎನ್ರಿಕೆ ಮೋರಾ ಅವರನ್ನೂ ನಿವೃತ್ತ ಪೊಲೀಸ್ ಮುಖ್ಯಸ್ಥ ಆಸ್ಕರ್ ನರಾನ್ಹೊ ಅವರನ್ನೂ ಕೂರಿಸಿದರು. ಜೊತೆಗೇ, ಸೇನೆಯ ಗಾತ್ರ, ಸ್ವರೂಪ ಮಾತುಕತೆಯ ವಿಷಯವೇ ಅಲ್ಲ ಎಂದು ಮೊದಲೇ ಘೋಷಿಸಿ ಬ್ಯಾರಕ್‌ಗಳನ್ನು ಸಮಾಧಾನಪಡಿಸಿದರು. 2014ರಲ್ಲಿ ಜನರಲ್ ಹಾವಿಯೆರ್ ಫ್ಲೋರೆಸ್ ನೇತೃತ್ವದಲ್ಲಿ ಸೇವೆಯಲ್ಲಿದ್ದ ಅಧಿಕಾರಿಗಳೇ ಹವಾನಾಕ್ಕೆ ಹೋಗಿ, ದಶಕಗಳ ಕಾಲ ತಾವು ಬೇಟೆಯಾಡಿದ ಕಮಾಂಡರ್‌ಗಳೆದುರು ಕುಳಿತರು. ಅವರು ಚರ್ಚಿಸಿದ್ದು ಭೂಸುಧಾರಣೆಯನ್ನಲ್ಲ. ಯಾವ ತುಕಡಿ ಎಲ್ಲಿ ನಿಲ್ಲಬೇಕು, ಆಯುಧ ಯಾರಿಗೆ ಒಪ್ಪಿಸಬೇಕು, ಉಲ್ಲಂಘನೆಯಾದರೆ ಯಾರು ಪರಿಶೀಲಿಸಬೇಕು ಎಂಬ ವಿವರಗಳನ್ನು. ನನ್ನ ಪ್ರಕಾರ ಸೇನೆಗೆ ಸಲ್ಲುವ ಕುರ್ಚಿ ಅದು: ರಾಜಕೀಯ ಪ್ರಶ್ನೆಗಳ ಪಕ್ಕದ ಕೋಣೆಯಲ್ಲಿ. ಆ ಮಾತುಕತೆಯಿಂದ ಬಂದ ಶಾಂತಿ ಒಪ್ಪಂದದ ಅಡಿಯಲ್ಲಿ ಹುಟ್ಟಿದ ವಿಶೇಷ ನ್ಯಾಯಾಲಯ ಸೇನೆಯನ್ನೂ ಬಿಡಲಿಲ್ಲ. ಅಮಾಯಕರನ್ನು ಕೊಂದು ಬಂಡುಕೋರರೆಂದು ಲೆಕ್ಕ ತೋರಿಸಿದ ಪ್ರಕರಣಗಳಲ್ಲಿ 2002ರಿಂದ 2008ರ ನಡುವೆ ಕನಿಷ್ಠ 6,402 ಜನ ಬಲಿಯಾದರೆಂದು ಅದು ಹೇಳಿತು. ಅಧಿಕಾರಿಗಳು ಕುಟುಂಬಗಳೆದುರು ನಿಂತು ತಪ್ಪೊಪ್ಪಿಕೊಂಡರು.

ನೇಪಾಳದ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. 2006ರ ನವೆಂಬರ್ 21ರ ಒಪ್ಪಂದದಂತೆ ಮಾವೊವಾದಿ ಸೈನಿಕರು ಏಳು ಮುಖ್ಯ ಶಿಬಿರಗಳಿಗೂ ಅವುಗಳಿಗೆ ಹೊಂದಿದ 21 ಉಪಶಿಬಿರಗಳಿಗೂ ಹೋದರು. ಅವರ ಬಂದೂಕುಗಳನ್ನು ಕಂಟೇನರ್‌ಗಳಲ್ಲಿಟ್ಟು ಬೀಗ ಹಾಕಲಾಯಿತು. ಕೀಲಿಕೈ ಅವರ ಬಳಿಯೇ, ಆದರೆ ಬಾಗಿಲು ತೆರೆದರೆ ವಿಶ್ವಸಂಸ್ಥೆಯ ಸಿಬ್ಬಂದಿಗೆ ಗೊತ್ತಾಗುವಂತೆ ಉಪಕರಣ ಅಳವಡಿಸಲಾಯಿತು. ಇಷ್ಟನ್ನು ಯಾವ ದೇಶವಾದರೂ ಮಾಡೀತು. ಅಪರೂಪದ್ದು ಮುಂದಿನದು: ಮಾವೊವಾದಿಗಳು ಇಟ್ಟಷ್ಟೇ ಸಂಖ್ಯೆಯ ಬಂದೂಕುಗಳನ್ನು ನೇಪಾಳ ಸೇನೆಯೂ ಕಠ್ಮಂಡುವಿನ ಛಾವುನಿ ಬ್ಯಾರಕ್‌ನಲ್ಲಿ ಅದೇ ರೀತಿ ಬೀಗದೊಳಗಿಟ್ಟು, ತಾನೂ ಬ್ಯಾರಕ್ ಬಿಟ್ಟು ಹೊರಬರುವುದಿಲ್ಲ ಎಂಬ ಷರತ್ತಿಗೆ ಒಪ್ಪಿತು. ಅದರ ಶಕ್ತಿಯ ಮುಂದೆ ಆ ಬಂದೂಕುಗಳು ಏನೂ ಅಲ್ಲ. ಆದರೆ ನಿಯಮ ತನಗೂ ಇದೆ ಎಂದು ಒಂದು ರಾಷ್ಟ್ರೀಯ ಸೇನೆ ತೋರಿಸಿಕೊಟ್ಟಿದ್ದು ಸಣ್ಣದಲ್ಲ.

ಹಾಗೆಂದು ಎಲ್ಲ ಸುಸೂತ್ರವಾಗಲಿಲ್ಲ. 2009ರಲ್ಲಿ ಪ್ರಧಾನಿ ಪ್ರಚಂಡ ಸೇನಾ ಮುಖ್ಯಸ್ಥ ರುಕ್ಮಾಂಗದ ಕಟವಾಲ್ ಅವರನ್ನು ವಜಾ ಮಾಡಿದರು, ರಾಷ್ಟ್ರಪತಿ ಅವರನ್ನು ಉಳಿಸಿಕೊಂಡರು, ಮೇ 4ರಂದು ಪ್ರಚಂಡ ರಾಜೀನಾಮೆ ಕೊಟ್ಟರು. ವಿಶ್ವಸಂಸ್ಥೆ ಅರ್ಹರೆಂದು ಗುರುತಿಸಿದ 19,602 ಹೋರಾಟಗಾರರಲ್ಲಿ ಕೊನೆಗೆ ಸೇನೆ ಸೇರಿದವರು ಸುಮಾರು 1,400 ಜನ ಮಾತ್ರ. ಹೆಚ್ಚಿನವರು ಐದರಿಂದ ಎಂಟು ಲಕ್ಷ ನೇಪಾಳಿ ರೂಪಾಯಿಯ ಚೆಕ್ ಪಡೆದು ಮನೆಗೆ ಹೋದರು. ಗೆದ್ದದ್ದು ಸೇನೆಯೇ ಎಂದು ಕೋಪದಿಂದ ಹೇಳುವ ಮಾಜಿ ಮಾವೊವಾದಿಗಳಿದ್ದಾರೆ, ಅವರ ಮಾತಿನಲ್ಲಿ ಸತ್ಯವೂ ಇದೆ. ಆದರೂ ಆ ಯುದ್ಧ ಮರಳಲಿಲ್ಲ.

ಇಂಥ ಬೀಗ–ಕೀಲಿ ಕೆಲಸ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಫಿಲಿಪೀನ್ಸ್ ಸಾಕ್ಷಿ. ಅಲ್ಲಿ ಸೇನೆಯೂ ಮೊರೊ ಬಂಡುಕೋರರೂ ಪರಸ್ಪರ ಮುನ್ಸೂಚನೆ ಕೊಡುವ ಜಂಟಿ ಸಮಿತಿ ಇತ್ತು. 2015ರ ಜನವರಿ 25ರಂದು ಪೊಲೀಸ್ ಕಮಾಂಡೊಗಳು ಭಯೋತ್ಪಾದಕನೊಬ್ಬನನ್ನು ಹಿಡಿಯಲು ಆ ಸಮಿತಿಗೆ ಹೇಳದೆ ಮಾಮಾಸಪಾನೊ ಪ್ರದೇಶಕ್ಕೆ ನುಗ್ಗಿದರು. 44 ಕಮಾಂಡೊಗಳು ಸತ್ತರು. ಹಿಂದಿನ ವರ್ಷವಷ್ಟೇ ಸಹಿಯಾಗಿದ್ದ ಒಪ್ಪಂದಕ್ಕೆ ಸಂಸತ್ತಿನಲ್ಲಿ ಕಾನೂನಿನ ರೂಪ ಸಿಗುವುದು 2018ರವರೆಗೂ ತಡವಾಯಿತು.

ಕದನ ವಿರಾಮದ ನಕ್ಷೆಯೂ ಅಷ್ಟೇ ಮುಖ್ಯ. 2001ರ ಜೂನ್‌ನಲ್ಲಿ ನಾಗಾ ಕದನ ವಿರಾಮಕ್ಕೆ ಪ್ರಾದೇಶಿಕ ಮಿತಿ ಇಲ್ಲವೆಂದು ಕೇಂದ್ರ ಒಪ್ಪಿದಾಗ, ಮಣಿಪುರದ ನಾಗಾ ಪ್ರದೇಶಗಳು ಕೈತಪ್ಪಿ ತಮ್ಮ ರಾಜ್ಯ ಒಡೆಯುತ್ತದೆಂಬ ಭಯದಲ್ಲಿ ಇಂಫಾಲ ಹೊತ್ತಿ ಉರಿಯಿತು. ಜೂನ್ 18ರಂದು ವಿಧಾನಸಭೆಯ ಕಟ್ಟಡಕ್ಕೆ ಬೆಂಕಿ ಬಿತ್ತು, ಭದ್ರತಾ ಪಡೆಗಳ ಗುಂಡಿಗೆ 18 ಜನ ಬಲಿಯಾದರು. ಕೇಂದ್ರ ಮುಂದಿನ ತಿಂಗಳೇ ಆ ಮಾತನ್ನು ಹಿಂತೆಗೆದುಕೊಂಡಿತು.

ನಮ್ಮಲ್ಲಿ ಪೂರ್ತಿಯಾಗಿ ಮುಗಿದ ಶಾಂತಿ ಪ್ರಕ್ರಿಯೆ ಎಂದರೆ ಮಿಜೋರಾಂ. 1966ರ ಮಾರ್ಚ್‌ನಲ್ಲಿ ಮಿಜೋ ಬಂಡಾಯ ಅಡಗಿಸಲು ವಾಯುಪಡೆ ಐಜ್ವಾಲ್ ಮೇಲೆ ಬಾಂಬು ಹಾಕಿತ್ತು. ಮರುವರ್ಷದಿಂದ ಹಳ್ಳಿಗಳನ್ನು ಕಿತ್ತು ರಸ್ತೆಬದಿಯ ಕಾವಲಿನ ಊರುಗಳಿಗೆ ಸಾಗಿಸಲಾಯಿತು. ಅಷ್ಟಾದರೂ ಬಂಡಾಯ ಇಪ್ಪತ್ತು ವರ್ಷ ಉಳಿಯಿತು. 1986ರ ಜೂನ್ 30ರ ಒಪ್ಪಂದ ಉಳಿದುಕೊಂಡಿದ್ದು ರಾಜಕಾರಣಿಯೊಬ್ಬರು ಜಾಗ ಬಿಟ್ಟುಕೊಟ್ಟಿದ್ದರಿಂದ. ಮುಖ್ಯಮಂತ್ರಿ ಲಾಲ್ ಥನ್ಹಾವ್ಲಾ ಕೆಳಗಿಳಿದು, ಬಂಡಾಯದ ನಾಯಕ ಲಾಲ್‌ಡೆಂಗಾ ಆ ಸ್ಥಾನಕ್ಕೆ ಬಂದರು. ಜನರಲ್ ಯಾರೂ ಅದನ್ನು ಕೊಡಿಸಲು ಸಾಧ್ಯವಿರಲಿಲ್ಲ.

ಮಣಿಪುರಕ್ಕೆ ಮರಳಿದರೆ, ಸೇನೆ ಈಗ ಮಾಡುತ್ತಿರುವ ಮುಖ್ಯ ಕೆಲಸ ಕಣಿವೆಗೂ ಬೆಟ್ಟಕ್ಕೂ ನಡುವಿನ ಗೆರೆಯಲ್ಲಿ ನಿಲ್ಲುವುದು. ಅದರಿಂದ ಸಾವು ಕಡಿಮೆಯಾಗುತ್ತದೆ, ಬೇರ್ಪಡಿಕೆಯೂ ಗಟ್ಟಿಯಾಗುತ್ತದೆ. 2025ರ ಫೆಬ್ರುವರಿ 13ರಂದು ರಾಷ್ಟ್ರಪತಿ ಆಳ್ವಿಕೆ ಬಂದ ಮೇಲೆ ರಾಜ್ಯಪಾಲರ ಮನವಿಗೆ ಓಗೊಟ್ಟು ಸಾವಿರದ ಆಸುಪಾಸು ಆಯುಧಗಳು ಮರಳಿ ಬಂದವು. ಕುಕಿ ಸಂಘಟನೆಗಳೊಂದಿಗೆ 2008ರಲ್ಲೇ ಕಾರ್ಯಾಚರಣೆ ಸ್ಥಗಿತದ ತ್ರಿಪಕ್ಷೀಯ ಒಪ್ಪಂದವಾಗಿತ್ತು. ಆಯುಧಗಳನ್ನು ಶಿಬಿರದ ಕೋಣೆಯಲ್ಲಿ ಎರಡು ಬೀಗ ಹಾಕಿ ಇಡಬೇಕು, ಒಂದು ಕೀಲಿ ಸಂಘಟನೆಯ ಬಳಿ, ಇನ್ನೊಂದು ಭದ್ರತಾ ಪಡೆಯ ಬಳಿ ಎಂದು ನಿಯಮವಿತ್ತು. ಆ ಬೀಗಗಳ ಮೇಲಿನ ಅನುಮಾನವೇ ಕಣಿವೆಯ ಕೋಪಕ್ಕೆ ಒಂದು ಕಾರಣ. 2025ರ ಸೆಪ್ಟೆಂಬರ್ 4ರಂದು ಒಪ್ಪಂದವನ್ನು ನವೀಕರಿಸಿದಾಗ, ಏಳು ಶಿಬಿರಗಳನ್ನು ಸ್ಥಳಾಂತರಿಸುವುದಕ್ಕೂ ಆಯುಧಗಳನ್ನು ಹತ್ತಿರದ ಸಿಆರ್‌ಪಿಎಫ್ ಅಥವಾ ಬಿಎಸ್‌ಎಫ್ ಶಿಬಿರಗಳಿಗೆ ಒಯ್ಯುವುದಕ್ಕೂ, ಶಿಬಿರದಲ್ಲಿರುವವರ ಗುರುತನ್ನು ಕಟ್ಟುನಿಟ್ಟಾಗಿ ಪರಿಶೀಲಿಸುವುದಕ್ಕೂ ಸಂಘಟನೆಗಳು ಒಪ್ಪಿದವು. ಎಷ್ಟು ತುಕಡಿ ಕಳಿಸಿದರು ಎಂಬ ಸುದ್ದಿಗಿಂತ ಆ ಬಂದೂಕುಗಳು ಕೋಣೆ ಬದಲಾಯಿಸಿದವೇ, ಕಣಿವೆಯ ಶಸ್ತ್ರಾಗಾರಗಳಿಂದ ಹೋದ ಉಳಿದವು ಎಲ್ಲಿವೆ ಎಂಬುದರ ಮೇಲೆ ಕಣ್ಣಿಡಿ. ಆಯುಧ ಒಪ್ಪಿಸುವಂತೆ ಎರಡೂ ಕಡೆಯವರನ್ನು ಒಲಿಸುವುದು ಇಂಫಾಲ ಮತ್ತು ದೆಹಲಿಯ ರಾಜಕಾರಣಿಗಳ ಕೆಲಸ, ಸೇನೆಯ ತುಕಡಿಗಳದ್ದಲ್ಲ.